ಬೇಡ ಎನ್ನಲಾಗದ ಮನೆಯಲ್ಲಿ ಎಚ್‌ಐವಿ

2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಮನೆಮನೆಗೆ ಹೋಗಿ ಎರಡು ಕೆಲಸ ಮಾಡಿದ್ದರು. ಗಂಡನ ಹಿಂಸೆಯ ಬಗ್ಗೆ ಕೇಳಿದ್ದರು, ಎಚ್‌ಐವಿ ಪರೀಕ್ಷೆಗೆ ರಕ್ತದ ಹನಿಯನ್ನೂ ತೆಗೆದುಕೊಂಡಿದ್ದರು. ಮುಂದೆ ಸಂಶೋಧಕರು 28,139 ಮದುವೆಯಾದ ಹೆಂಗಸರ ಈ ಎರಡೂ ಮಾಹಿತಿಯನ್ನು ಜೋಡಿಸಿ ನೋಡಿದರು. ಹಿಂಸೆ ಕಾಣದವರಲ್ಲಿ ಎಚ್‌ಐವಿ ಇದ್ದದ್ದು 0.19%. ಹೊಡೆತ ಮತ್ತು ಲೈಂಗಿಕ ಬಲವಂತ ಎರಡನ್ನೂ ಅನುಭವಿಸಿದವರಲ್ಲಿ 0.73%. ಸುಮಾರು ನಾಲ್ಕು ಪಟ್ಟು.

ಅತ್ಯಾಚಾರ ಎಂದ ಕೂಡಲೇ ಕತ್ತಲ ದಾರಿಯ ಅಪರಿಚಿತ ನಮ್ಮ ನೆನಪಿಗೆ ಬರುತ್ತಾನೆ, ಅಲ್ವಾ? ಇಲ್ಲಿನ ಕತೆ ತಾಳಿ ಕಟ್ಟಿದವನದು.

ಯಾಕೆ ಹೀಗೆ? ಅದೇ ಸಮೀಕ್ಷೆಯ ಗಂಡ-ಹೆಂಡತಿ ಜೋಡಿಗಳನ್ನು ನೋಡಿದಾಗ ಎರಡು ವಿಷಯ ಸಿಕ್ಕಿತು. ಹಿಂಸೆ ಮಾಡುವ ಗಂಡಂದಿರಲ್ಲೇ ಎಚ್‌ಐವಿ ಜಾಸ್ತಿ. ಗಂಡನಿಗೆ ವೈರಸ್ ಇದ್ದಾಗ, ಅವನು ಹಿಂಸೆಯನ್ನೂ ಮಾಡುವವನಾದರೆ, ಅದು ಹೆಂಡತಿಗೆ ದಾಟುವ ಸಾಧ್ಯತೆಯೂ ಜಾಸ್ತಿ.

ಮೈಯ ಒಳಗಿನ ಕಾರಣ ಸರಳ. ಬಲವಂತದಲ್ಲಿ ಯೋನಿಯ ಒಳಪದರ ಒಣಗಿರುತ್ತದೆ, ಉಜ್ಜಿ ಹರಿಯುತ್ತದೆ, ವೈರಸ್‌ಗೆ ದಾರಿಯಾಗುತ್ತದೆ. ಎಳೆಯ ಹುಡುಗಿಯರಲ್ಲಿ ಗರ್ಭಕಂಠದ ಸೂಕ್ಷ್ಮ ಭಾಗ ಇನ್ನೂ ತೆರೆದಿರುವುದರಿಂದ ಅಪಾಯ ಇನ್ನೂ ಹೆಚ್ಚು. ಆದರೂ ಗಾಯವೊಂದೇ ಇಷ್ಟು ದೊಡ್ಡ ವ್ಯತ್ಯಾಸ ಮಾಡುವುದಿಲ್ಲ. ಎಚ್‌ಐವಿ ಇರುವ ಗಂಡಸಿನ ಜೊತೆ ಕಾಂಡೋಮ್ ಇಲ್ಲದ ಒಂದು ಸಲದ ಸಾಮಾನ್ಯ ಸಂಪರ್ಕದಲ್ಲಿ ಹೆಂಗಸಿಗೆ ಸೋಂಕು ದಾಟುವುದು 10,000ಕ್ಕೆ ಸುಮಾರು 8 ಸಲ. ಮನೆಯಲ್ಲಿ ನಡೆಯುವುದು ಒಂದು ಸಲವಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ. ಕಾಂಡೋಮ್ ಹಾಕು ಅಂದರೆ "ನನ್ನ ಮೇಲೆ ಅನುಮಾನವಾ?" ಎಂದು ಇನ್ನೊಂದು ಏಟು. ಹಾಗಾಗಿ ಅವಳು ಸುಮ್ನೆ ಇರುತ್ತಾಳೆ.

ಇಲ್ಲಿ ಒಂದು ಸಂಶಯ ನ್ಯಾಯವಾದದ್ದೇ. ಒಂದೇ ದಿನ ಕೇಳಿದ ಸಮೀಕ್ಷೆಯಲ್ಲಿ ಯಾವುದು ಮೊದಲು ಎಂದು ಗೊತ್ತಾಗುವುದಿಲ್ಲ. ಎಚ್‌ಐವಿ ಇದೆ ಎಂದು ತಿಳಿದ ಮೇಲೆ ಹೊಡೆತ ಶುರುವಾಗಿದ್ದರೆ? ಇದಕ್ಕೆ ಉತ್ತರ ಬಂದದ್ದು ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್‌ನಿಂದ. ಸಂಶೋಧಕಿ ರೇಚಲ್ ಜ್ಯೂಕ್ಸ್ ಮತ್ತು ಸಂಗಡಿಗರು ಆಗಿನ್ನೂ ಎಚ್‌ಐವಿ ಇಲ್ಲದಿದ್ದ, 15ರಿಂದ 26 ವಯಸ್ಸಿನ 1,099 ಯುವತಿಯರನ್ನು ಸುಮಾರು ಎರಡು ವರ್ಷ ಗಮನಿಸಿದರು. 2010ರಲ್ಲಿ ಫಲಿತಾಂಶ ಬಂತು. ಸಂಗಾತಿಯ ಹಿಂಸೆಯನ್ನು ಒಂದಕ್ಕಿಂತ ಹೆಚ್ಚು ಸಲ ಅನುಭವಿಸಿದ್ದವರಲ್ಲಿ, 100 ಜನರನ್ನು ಒಂದು ವರ್ಷ ಗಮನಿಸಿದ ಲೆಕ್ಕಕ್ಕೆ 9.6 ಹೊಸ ಸೋಂಕು. ಉಳಿದವರಲ್ಲಿ 5.2. ಹಿಂಸೆ ಮೊದಲು, ಸೋಂಕು ಆಮೇಲೆ.

ನಮ್ಮ ಕರ್ನಾಟಕದಲ್ಲೂ ಲೈಂಗಿಕ ಕಾರ್ಯಕರ್ತೆಯರ ನಡುವೆ ಇಂಥ ಅಧ್ಯಯನ ನಡೆದಿದೆ. ಹಿಂದಿನ ತಿಂಗಳು ಗಿರಾಕಿಗಳ ಜೊತೆ ಒಮ್ಮೆಯೂ ಕಾಂಡೋಮ್ ತಪ್ಪಿಸದವರು ಎಷ್ಟು ಎಂದು ಕೇಳಿದರು. ಹಿಂದಿನ ಒಂದು ವರ್ಷದಲ್ಲಿ ಹಿಂಸೆ ಕಾಣದವರಲ್ಲಿ 100ಕ್ಕೆ ಸುಮಾರು 75, ಹೊಡೆತ ಅಥವಾ ಅತ್ಯಾಚಾರಕ್ಕೆ ಸಿಕ್ಕವರಲ್ಲಿ 55. ಇವರು ಕ್ಲಿನಿಕ್‌ಗೆ ಬಂದದ್ದೂ ಕಡಿಮೆ. ಪೊಲೀಸರಿಗೆ ತಿಳಿವಳಿಕೆ, ಕಷ್ಟಕ್ಕೆ ತಕ್ಷಣ ಬರುವ ಜೊತೆಗಾರ ಕಾರ್ಯಕರ್ತೆಯರ ತಂಡ, ಕಾನೂನಿನ ನೆರವು ಸಿಕ್ಕ ಮೇಲೆ ಹಿಂಸೆ ಇಳಿಯಿತು. ನನಗೆ ಇದು ತುಂಬಾ ಧೈರ್ಯ ಕೊಟ್ಟ ಸುದ್ದಿ. ಉಗಾಂಡಾದ ರಕಾಯಿಯಲ್ಲಿ ಎಚ್‌ಐವಿ ಸೇವೆಯ ಜೊತೆಗೆ ಹಿಂಸೆ ತಡೆಯುವ ಕೆಲಸವನ್ನೂ ಸೇರಿಸಿದಾಗ ಹೊಸ ಸೋಂಕುಗಳೇ ಸುಮಾರು ಮೂರನೇ ಒಂದು ಭಾಗ ಕಡಿಮೆಯಾದವು.

ಅತ್ಯಾಚಾರ ನಡೆದ ಮೇಲೂ ಎಚ್‌ಐವಿ ತಡೆಯುವ ಮಾತ್ರೆಗಳಿವೆ. ವೈರಸ್ ಒಳಪದರದಿಂದ ದುಗ್ಧರಸ ಗ್ರಂಥಿಗಳಿಗೆ (ರೋಗನಿರೋಧಕ ಕಣಗಳು ಸೇರುವ ಗಂಟುಗಳಿಗೆ) ಹೋಗಿ ನೆಲೆಯೂರಲು ಸ್ವಲ್ಪ ಸಮಯ ಬೇಕು. ಅಷ್ಟರೊಳಗೆ, ಅಂದರೆ 72 ಗಂಟೆಯೊಳಗೆ, ಮಾತ್ರೆ ಶುರುಮಾಡಿ 28 ದಿನ ನುಂಗಬೇಕು. ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ಸಂತ್ರಸ್ತೆಗೆ ಆಸ್ಪತ್ರೆ, ಸರ್ಕಾರಿಯಾಗಲಿ ಖಾಸಗಿಯಾಗಲಿ, ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು ಎನ್ನುತ್ತದೆ ಕಾನೂನು. ಪೊಲೀಸ್ ದೂರು ತನ್ನಿ ಎಂದು ವಾಪಸ್ ಕಳಿಸುವಂತಿಲ್ಲ.

ಆದರೆ ವಯಸ್ಕ ಹೆಂಡತಿಯ ಮೇಲೆ ಗಂಡ ಮಾಡುವ ಬಲವಂತವನ್ನು ನಮ್ಮ ಕಾನೂನು ಅತ್ಯಾಚಾರ ಎಂದು ಎಣಿಸುವುದಿಲ್ಲ. ಅವಳು ಆಸ್ಪತ್ರೆಗೆ ಬರುವುದು ಬಿಳಿಸೆರಗು, ಹೊಟ್ಟೆನೋವು ಎಂದು. ಜೊತೆಗೆ ಅತ್ತೆಯೋ, ಅವನೇ ಗಂಡನೋ. ಅವರನ್ನು ಹೊರಗೆ ಕೂರಿಸಿ, ಬಾಗಿಲು ಹಾಕಿ, "ಮನೇಲಿ ಯಾರಾದ್ರೂ ಬಲವಂತ ಮಾಡ್ತಾರಾ ಅಮ್ಮ?" ಎಂದು ನರ್ಸ್ ಕೇಳಿದರೆ, ಆ 72 ಗಂಟೆಯ ಮಾತು ಅವಳಿಗೂ ತಲುಪುತ್ತದೆ. ಎಚ್‌ಐವಿ ಬಗ್ಗೆ ಏನೇ ಕೇಳುವುದಿದ್ದರೂ 1097ಕ್ಕೆ ಕರೆ ಮಾಡಬಹುದು. ದುಡ್ಡು ಹಿಡಿಯುವುದಿಲ್ಲ.