ಕಪ್ಪಾದ ಬೆಳ್ಳಿಗೆ ವಿಭೂತಿ ಹಚ್ಚಬೇಡಿ

ಹ್ಯಾಮ್ (ಹವ್ಯಾಸಿ ರೇಡಿಯೊ) ಗೆಳೆಯರೊಬ್ಬರು ಮೊನ್ನೆ ಆಂಟೆನಾ ಕೇಬಲ್ಲಿನ ತುದಿಗೆ ಹಾಕುವ ಹಳೆಯ ಪಿಎಲ್-259 ಕನೆಕ್ಟರಿಗೆ ವಿಭೂತಿ ಹಚ್ಚಿ ತಿಕ್ಕುತ್ತಿದ್ದರು, ಥೇಟ್ ಹಬ್ಬದ ಮುಂಚಿನ ದಿನ ದೇವರ ಸಾಮಾನು ಬೆಳಗುವ ಹಾಗೆ. ಬೆಳ್ಳಿ ಲೇಪನ ಕಪ್ಪಾಗಿದೆ, ಸಿಗ್ನಲ್ ಸಾಯುತ್ತದೆ ಎಂಬ ಅಳಲು. ಪಕ್ಕದಲ್ಲಿ ಹೊಸದಾಗಿ ಕೊಂಡ ನಿಕ್ಕಲ್ ಲೇಪನದ್ದು ಫಳಫಳ ಹೊಳೆಯುತ್ತಿತ್ತು. ನನ್ನ ಕೇಳಿದರೆ ಆ ಕಪ್ಪು ಮೋರೆಯದೇ ವಾಸಿ.

ರೇಡಿಯೊ ಆವರ್ತನದ ವಿದ್ಯುತ್ತು ಲೋಹದ ಒಡಲಿಗೆ ಇಳಿಯುವುದೇ ಇಲ್ಲ. ಅದರದೇ ಕಾಂತಕ್ಷೇತ್ರ ಅದನ್ನು ಅಂಚಿಗೆ ದೂಡುತ್ತದೆ. ಒಳಗೆ ಜಾಗವಿದ್ದರೂ ಎಲ್ಲರೂ ಬಸ್ಸಿನ ಬಾಗಿಲಿಗೇ ಜೋತುಬೀಳುತ್ತಾರಲ್ಲ, ಹಾಗೆ. ತಾಮ್ರದಲ್ಲಿ 14 ಮೆಗಾಹರ್ಟ್ಸ್‌ಗೆ ಅದು ಇಳಿಯುವ ಆಳ ಸುಮಾರು 18 ಮೈಕ್ರಾನ್, 145ಕ್ಕೆ ಬರೀ ಐದೂವರೆ. ಅದೂ ಯಾವ ಅಂಚು? ನಡುವಿನ ಪಿನ್ನಿನ ಹೊರಮೈ, ಸುತ್ತಲಿನ ಕೊಳವೆಯ ಒಳಮೈ. ಎದುರುಬದುರು ಮನೆಯವರ ಜಗಳವೆಲ್ಲ ನಡುವಿನ ಓಣಿಯಲ್ಲೇ ನಡೆಯುತ್ತದೆ, ಹಿತ್ತಲಿಗೆ ಸುದ್ದಿಯೂ ಮುಟ್ಟುವುದಿಲ್ಲ. ಗೆಳೆಯರು ತಿಕ್ಕುತ್ತಿದ್ದದ್ದು ಹಿತ್ತಲನ್ನು!

ಪಿನ್ನೂ ಕಪ್ಪಾಗಿದೆಯಲ್ಲ ಎಂದರು. ಅದು ಗಾಳಿಯಲ್ಲಿರುವ ಗಂಧಕದ ಸಂಯುಕ್ತಗಳಿಂದಾದ ಬೆಳ್ಳಿ ಸಲ್ಫೈಡ್, ಮೆತ್ತಗಿನ ತೆಳು ಪೊರೆ. ಪಿನ್ನನ್ನು ಸಾಕೆಟ್ಟಿಗೆ ತೂರಿಸುವಾಗ ಅದರ ಎಸಳುಗಳೇ ಪೊರೆಯನ್ನು ಕೆರೆದು ಬೆಳ್ಳಿಯನ್ನು ಮುಟ್ಟುತ್ತವೆ. ತಿಕ್ಕುತ್ತಾ ಹೋದರೆ ಬೆಳ್ಳಿಯೇ ಸವೆದು ಹಿತ್ತಾಳೆ ಇಣುಕುತ್ತದೆ. ಇನ್ನು ಚಿನ್ನವೇ ಶ್ರೇಷ್ಠ ಎನ್ನುವವರಿಗೆ: ವಿದ್ಯುತ್ತಿಗೆ ಚಿನ್ನಕ್ಕಿಂತ ತಾಮ್ರವೇ ಸಲೀಸು. ಚಿನ್ನದ ಹೆಚ್ಚುಗಾರಿಕೆ ಮಾಸದಿರುವುದು, ಅಷ್ಟೇ.

ನಿಕ್ಕಲ್‌ನ ರೋಧ ತಾಮ್ರದ ನಾಲ್ಕು ಪಟ್ಟು. ಆದರೂ, ಸತ್ಯ ಹೇಳಬೇಕೆಂದರೆ, ಒಂದೂವರೆ ಅಂಗುಲದ ಕನೆಕ್ಟರಿನಲ್ಲಿ 14 ಮೆಗಾಹರ್ಟ್ಸ್‌ಗೆ ಆ ನಷ್ಟ ಯಾರ ಕಿವಿಗೂ ಬೀಳದು. ನಿಕ್ಕಲ್ ಕೈಕೊಡುವುದು ಬೆಸುಗೆಯಲ್ಲಿ. ಕಲಾಯಿಯವನು ಸುಮ್ಮನೆ ನವಸಾಗರ ಉದುರಿಸುತ್ತಿರಲಿಲ್ಲ. ಲೋಹದ ಮೇಲಿನ ಆಕ್ಸೈಡ್ ಹೋಗದೆ ತವರ ಹಿಡಿಯದು. ನಿಕ್ಕಲ್‌ನ ಆಕ್ಸೈಡಂತೂ ನಮ್ಮ ನವಸಾಗರವಾದ ರಾಳದ ಫ್ಲಕ್ಸಿಗೆ ಸುಲಭಕ್ಕೆ ಜಗ್ಗುವುದಿಲ್ಲ. ನನ್ನ ಮೊದಲ ಕನೆಕ್ಟರಿನಲ್ಲಿ ಕೇಬಲ್ಲಿನ ಜಾಲರಿಯನ್ನು ಬೆಸೆಯುವ ನಾಲ್ಕು ತೂತುಗಳಲ್ಲಿ ಸೋಲ್ಡರ್ ಗುಂಡುಗುಂಡಾಗಿ ಉರುಳಿತು. ಹಟಕ್ಕೆ ಬಿದ್ದು ಇನ್ನಷ್ಟು ಕಾಯಿಸಿದೆ. ಕೇಬಲ್ಲಿನೊಳಗಿನ ಪಾಲಿಥೀನ್ ಕರಗಿ, ನಡುತಂತಿ ಸರಿದು ಜಾಲರಿಗೆ ತಾಗಿ ಶಾರ್ಟ್. ಬೆಳ್ಳಿಯಾದರೆ ಸೋಲ್ಡರ್ ಇಟ್ಟ ಕೂಡಲೇ ಹರಡಿಕೊಳ್ಳುತ್ತದೆ.

ಕನೆಕ್ಟರಿನೊಳಗೆ ಪಿನ್ನನ್ನೂ ಕೊಳವೆಯನ್ನೂ ಬೇರೆಯಾಗಿಡುವ ಇನ್ಸುಲೇಟರಿಗೆ ಟೆಫ್ಲಾನ್ ಬೇಕೆನ್ನುವುದೂ ಈ ಶಾಖಕ್ಕಾಗಿ. ಅದು ಸಿಕ್ಕಿದ ಕಥೆ ಮಜವಾಗಿದೆ. 1938ರ ಏಪ್ರಿಲ್‌ನಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ರಸಾಯನಶಾಸ್ತ್ರಜ್ಞ ರಾಯ್ ಪ್ಲಂಕೆಟ್ ಸಿಲಿಂಡರಿನ ತಿರುಪು ಬಿಚ್ಚಿದರೆ ಅನಿಲವೇ ಬರಲಿಲ್ಲ. ತೂಗಿದರೆ ತೂಕ ಹಾಗೇ ಇದೆ! ಕೊಯ್ದು ನೋಡಿದಾಗ ಒಳಗೆ ಬಿಳಿ ಪುಡಿ. 327 ಡಿಗ್ರಿಗೆ ಕರಗಿದರೂ ನೀರಾಗಿ ಹರಿಯದ ವಸ್ತು.

ಆದರೆ ಬಿಳಿಯದೆಲ್ಲ ಟೆಫ್ಲಾನ್ ಅಲ್ಲ. ಕಿಟಕಿ ತೆರೆದು, ಹೊಸ ಕನೆಕ್ಟರಿನ ಬಿಳಿ ಭಾಗಕ್ಕೆ ಸೋಲ್ಡರಿಂಗ್ ಐರನ್ನಿನ ತುದಿಯನ್ನು ಕ್ಷಣ ಮುಟ್ಟಿಸಿದೆ. ಬೆಣ್ಣೆಯ ಹಾಗೆ ಕುಸಿಯಿತು. ಗೆಳೆಯರು ವಿಭೂತಿ ಗಟ್ಟಿಯನ್ನು ಕಾಗದದಲ್ಲಿ ಸುತ್ತಿ ಎತ್ತಿಟ್ಟರು.