ಲೈಬ್ರರಿಯಲ್ಲಿ ಅಂದವಾಗಿ ಜೋಡಿಸಿಟ್ಟ ಪುಸ್ತಕವನ್ನು ಮಕ್ಕಳು ಯಾಕೆ ಮುಟ್ಟುವುದಿಲ್ಲ?

ಪ್ರಶ್ನೆ: ನಮ್ಮದು ಮಂಡ್ಯದ ಹತ್ತಿರ ಒಂದು ಹೈಸ್ಕೂಲು. ಹಬ್ಬ, ಜಯಂತಿ ಬಂದಾಗೆಲ್ಲ ಲೈಬ್ರರಿಯ ಟೇಬಲ್ ಮೇಲೆ ಪುಸ್ತಕ ಜೋಡಿಸಿ, ಬಣ್ಣದ ಕಾಗದ ಅಂಟಿಸುತ್ತೇವೆ. ಮಕ್ಕಳು "ಚೆನ್ನಾಗಿದೆ ಮಿಸ್" ಅಂದು ಹೋಗುತ್ತಾರೆ. ಪುಸ್ತಕ ಮಾತ್ರ ಯಾರೂ ತಗೊಳ್ಳಲ್ಲ. ಏನು ಮಾಡೋದು?

ಉತ್ತರ: ದಸರಾದಲ್ಲಿ ಗೊಂಬೆ ಕೂರಿಸಿದ ಮನೆಯನ್ನು ನೆನಪಿಸಿಕೊಳ್ಳಿ. ಮೆಟ್ಟಿಲ ಮೇಲೆ ಬಿಳಿ ಬಟ್ಟೆ, ಪಟ್ಟದ ಗೊಂಬೆ, ಕೆಳಗೆ ಅಂಗಡಿ ಇಟ್ಟುಕೊಂಡ ಶೆಟ್ಟಿ. ನೋಡಲು ಬಂದ ಮಕ್ಕಳಿಗೆ ನಾವು ಹೇಳುವ ಮೊದಲ ಮಾತು "ಮುಟ್ಟಬೇಡ, ಬೀಳುತ್ತೆ". ಮಕ್ಕಳು ದೂರದಿಂದ ನೋಡಿ, ಗೊಂಬೆ ಬಾಗಿನ ಇಸಿದುಕೊಂಡು ಹೋಗುತ್ತಾರೆ. ಪುಸ್ತಕವನ್ನೂ ನಾವು ಹಾಗೇ ಕೂರಿಸುತ್ತೇವೆ, ಅಲ್ವಾ? ನಾನೂ ಹಲವು ವರ್ಷ ಹಾಗೇ ಮಾಡಿದೆ. ಒಂದು ಸಲ ಎಲ್ಲ ಎತ್ತಿಡುವಾಗ ಆರನೇ ಕ್ಲಾಸಿನ ಹುಡುಗಿ ಬಂದು "ಇದನ್ನು ತಗೊಳ್ಳಬಹುದಿತ್ತಾ ಮಿಸ್?" ಅಂದಳು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಟೇಬಲ್ ಖಾಲಿಯಾಗಲಿ ಅಂತಲೇ ಪುಸ್ತಕ ಇಡಬೇಕು. ಎರವಲು ಕೊಡುವ ರಿಜಿಸ್ಟರ್ ಅಲ್ಲೇ ಪಕ್ಕದಲ್ಲಿರಲಿ. ಹತ್ತು ಹನ್ನೆರಡು ಪುಸ್ತಕ ಸಾಕು, ಮುಖಪುಟ ಕಾಣಬೇಕು. ಒಂದು ಪುಸ್ತಕ ಹೋದರೆ ಆ ಜಾಗಕ್ಕೆ ಇನ್ನೊಂದನ್ನು ಮಕ್ಕಳೇ ಹುಡುಕಿ ತಂದಿಡಲಿ.

ಇನ್ನು ವಿಷಯ. ಮಕ್ಕಳ ಮನೆಯಲ್ಲಿ ಆ ಹೊತ್ತಿಗೆ ಯಾವ ಮಾತು ನಡೆಯುತ್ತಿದೆಯೋ ಅದನ್ನೇ ಹಿಡಿಯಿರಿ. ಮಂಡ್ಯದಲ್ಲಿ ಮಳೆಗಾಲ ಶುರುವಾದರೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಕಟ್ಟೆಯಲ್ಲಿ ನೀರೆಷ್ಟು? ಜೂನ್‌ನಲ್ಲಿ ಗೋಡೆಗೆ ಉದ್ದನೆಯ ಕಾಗದದ ಪಟ್ಟಿ ಅಂಟಿಸಿ. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ. ಅಲ್ಲಿಗೆ ಒಂದು ಕೆಂಪು ಗೆರೆ. ದಿನಾ ಬೆಳಿಗ್ಗೆ ಒಬ್ಬರು ಪೇಪರ್ ನೋಡಿ ಆ ದಿನದ ಮಟ್ಟ, ಒಳಹರಿವು ಬರೆಯಲಿ.

ಎರಡೇ ದಿನಕ್ಕೆ ಪ್ರಶ್ನೆ ಶುರುವಾಗುತ್ತವೆ. ಕ್ಯೂಸೆಕ್ ಅಂದರೇನು? ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ್ ನೀರು. ಕೊಡಗಲ್ಲಿ ಮಳೆ ಹುಯ್ದರೆ ಇಲ್ಲಿ ಯಾಕೆ ನೀರು ಏರುತ್ತೆ? ಮ್ಯಾಪ್ ಬಿಡಿಸಿ ನೋಡಿದರೆ ಕಾವೇರಿ ಜೊತೆಗೆ ಹೇಮಾವತಿ, ಲಕ್ಷ್ಮಣತೀರ್ಥ ಬಂದು ಸೇರುವುದು ಕಾಣುತ್ತದೆ. 1911ರಲ್ಲಿ ಶುರುವಾದ ಕಟ್ಟೆಯ ಕೆಲಸ, ವಿಶ್ವೇಶ್ವರಯ್ಯ, ನಾಲ್ವಡಿಯವರು, ನಾಲೆ, ಕಬ್ಬು, ಭತ್ತ. ಒಂದೊಂದು ಪ್ರಶ್ನೆಗೂ ಒಂದೊಂದು ಪುಸ್ತಕ ಹೊರಗೆ ಬರುತ್ತದೆ. ಉತ್ತರವನ್ನು ನೀವು ಬೇಗ ಹೇಳಿಬಿಡಬೇಡಿ. ಸಿಕ್ಕಿದವರು ಚೀಟಿಯಲ್ಲಿ ಪುಟದ ನಂಬರ್ ಬರೆದು ಪುಸ್ತಕದಲ್ಲಿ ಸಿಗಿಸಲಿ. ಮಿಸ್ ಹೇಳಿದ್ದಕ್ಕಿಂತ ಗೆಳೆಯನ ಚೀಟಿಗೆ ಬೆಲೆ ಜಾಸ್ತಿ.

ಚಳಿಗಾಲ ಕಳೆಯುವ ಹೊತ್ತಿಗೆ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಮನೆಗಳ ನಡುವಿನ ಮರಗಳಲ್ಲೇ ಹೆಜ್ಜಾರ್ಲೆ ಗೂಡು ಕಟ್ಟಿರುತ್ತವೆ. ಆ ಕಡೆ ನೆಂಟರಿರುವ ಮಗು ಕ್ಲಾಸಿಗೆ ಒಬ್ಬರಾದರೂ ಸಿಗಬಹುದು. ಆ ಮಗು ಕಂಡದ್ದನ್ನು ಬರೆಯಲಿ, ಹಕ್ಕಿ ಪುಸ್ತಕದ ಪಕ್ಕದಲ್ಲೇ ಇಡಿ. ಜನವರಿ 26ಕ್ಕೆ ಬಾವುಟದ ಜೊತೆಗೆ ಕೆ.ಎಸ್. ನರಸಿಂಹಸ್ವಾಮಿಯವರ ಕವಿತೆಗಳೂ ಇರಲಿ. ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ 1915ರಲ್ಲಿ ಅವರು ಹುಟ್ಟಿದ್ದು ಅದೇ ದಿನ. ನಮ್ಮ ಜಿಲ್ಲೆಯ ಮಕ್ಕಳಿಗೇ ಇದು ಗೊತ್ತಿಲ್ಲದಿದ್ದರೆ ಹೇಗೆ?

ಅಲಂಕಾರ ಬೇಡ ಅನ್ನುತ್ತಿಲ್ಲ. ಸಂಕ್ರಾಂತಿಗೆ ಒಂದು ಕಬ್ಬಿನ ಜಲ್ಲೆ ಒರಗಿಸಿದರೆ ಲೈಬ್ರರಿಗೆ ಕಳೆ ಬರುತ್ತದೆ. ಆದರೆ ಅದಕ್ಕೆ ಅರ್ಧ ಗಂಟೆ ಸಾಕು. ಮೂರು ವಾರಕ್ಕಿಂತ ಹೆಚ್ಚು ಯಾವುದನ್ನೂ ಇಡಬೇಡಿ. ಕಟ್ಟೆಯ ಪಟ್ಟಿ ಮಾತ್ರ ನೀರು ಕೆಂಪು ಗೆರೆ ಮುಟ್ಟುವ ತನಕ ಇರಲಿ. ಆ ದಿನ ಗೆರೆಯವರೆಗೆ ನೀಲಿ ಬಣ್ಣ ತುಂಬುವ ಕೆಲಸ, ಆ ಮಳೆಗಾಲದಲ್ಲಿ ಹೆಚ್ಚು ಚೀಟಿ ಬರೆದ ಮಗುವಿಗೆ ಕೊಡಿ.