ಹನಿಮೂನ್‌ಗೆ ಮಾಲ್ಡೀವ್ಸ್ ರೆಸಾರ್ಟ್: ಅಷ್ಟು ದುಡ್ಡು ಕೊಡಬಹುದಾ?

ಪ್ರಶ್ನೆ: ಏಪ್ರಿಲ್ ಕೊನೆಗೆ ನಮ್ಮ ಮದುವೆ. ಮಾಲ್ಡೀವ್ಸ್‌ನಲ್ಲಿ ನೀರಿನ ಮೇಲಿನ ವಿಲ್ಲಾದಲ್ಲಿ ನಾಲ್ಕು ರಾತ್ರಿ ಇರಬೇಕು ಅಂತ ಹುಡುಗಿಗೆ ಆಸೆ. ರಾತ್ರಿಗೆ 400 ಡಾಲರ್ ಅಂತ ತೋರಿಸುತ್ತಿದೆ. ಅದೇ ದುಡ್ಡಲ್ಲಿ ನಾಲ್ಕು ಊರು ಸುತ್ತಿ ಬರಬಹುದಲ್ಲ ಅಂತ ಮನೆಯಲ್ಲಿ ಹೇಳುತ್ತಿದ್ದಾರೆ. ಏನು ಮಾಡುವುದು?

ಉತ್ತರ: ಮೊದಲು ಆ 400 ಡಾಲರ್ ಲೆಕ್ಕ ನೋಡೋಣ. ಅದು ನೀವು ಕೊಡುವ ದುಡ್ಡಲ್ಲ. ಬೆಲೆಯ ಪಕ್ಕದಲ್ಲಿ ಎರಡು ಪ್ಲಸ್ ಗುರುತು ಇದೆಯಾ, ಕಣ್ಣಿಟ್ಟು ನೋಡಿ. ಇದ್ದರೆ ಅದರ ಮೇಲೆ 10% ಸರ್ವಿಸ್ ಚಾರ್ಜ್. 440 ಆಯಿತು. ಆ 440ರ ಮೇಲೆ 17% ಪ್ರವಾಸೋದ್ಯಮ ಜಿಎಸ್‌ಟಿ. 2025ರ ಜುಲೈಗೆ ಮುಂಚೆ ಇದು 16% ಇತ್ತು. ಈಗ ಸುಮಾರು 515. ಇನ್ನು ಗ್ರೀನ್ ಟ್ಯಾಕ್ಸ್ ಅಂತ ಒಂದಿದೆ. ರೆಸಾರ್ಟ್‌ನಲ್ಲಿ ಒಬ್ಬರಿಗೆ ರಾತ್ರಿಗೆ 12 ಡಾಲರ್, ಇಬ್ಬರಿಗೆ 24. ಒಟ್ಟು 539. ನಾಲ್ಕು ರಾತ್ರಿಗೆ 2,155 ಡಾಲರ್.

ಇಷ್ಟಕ್ಕೇ ಮುಗಿಯಲಿಲ್ಲ. ದ್ವೀಪ ದೂರ ಇದ್ದರೆ ಸೀಪ್ಲೇನ್‌ನಲ್ಲಿ ಹೋಗಬೇಕು. ಹೋಗಿಬರೋಕೆ ಒಬ್ಬರಿಗೆ 450 ಡಾಲರ್ ಅಂದುಕೊಳ್ಳಿ, ಇಬ್ಬರಿಗೆ 900. ಎಲ್ಲ ಸೇರಿ 3,055. ಡಾಲರ್‌ಗೆ 90 ರೂಪಾಯಿ ಹಿಡಿದರೂ ಎರಡು ಮುಕ್ಕಾಲು ಲಕ್ಷ. ನೀವು ಮನಸ್ಸಲ್ಲಿ ಹಾಕಿಕೊಂಡಿದ್ದು 1,44,000 ಅಲ್ವಾ? ಬೆಂಗಳೂರಿನಿಂದ ರಾಜಧಾನಿ ಮಾಲೆಗೆ ವಿಮಾನದ ಟಿಕೆಟ್ ಇದರಲ್ಲಿ ಸೇರಿಲ್ಲ. ಊಟವೂ ಸೇರಿಲ್ಲ. ಬರೀ ತಿಂಡಿ ಸೇರಿದ ರೂಮ್ ತೆಗೆದುಕೊಂಡರೆ ಮಧ್ಯಾಹ್ನದ ಒಂದು ಊಟ ಇಬ್ಬರಿಗೆ ಸಲೀಸಾಗಿ 80 ಡಾಲರ್ ದಾಟುತ್ತದೆ. ಅದಕ್ಕೂ ಅದೇ ಎರಡು ಪ್ಲಸ್. ಹಾಗಾಗಿ ಕನಿಷ್ಠ ಬೆಳಗ್ಗೆ, ರಾತ್ರಿ ಎರಡು ಹೊತ್ತಿನ ಊಟ ಸೇರಿದ ಪ್ಲಾನ್ ಬೆಲೆಯನ್ನೇ ಕೇಳಿ. ತೆರಿಗೆ, ಸೀಪ್ಲೇನ್ ಎಲ್ಲ ಹಾಕಿದ ಒಟ್ಟು ಮೊತ್ತವನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ.

ಇನ್ನು ಆ ದುಡ್ಡಿಗೆ ಸಿಗುವುದೇನು ಅಂತ ನೋಡೋಣ.

ಮಾಲ್ಡೀವ್ಸ್‌ನಲ್ಲಿ ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್. 1972ರಲ್ಲಿ ಕುರುಂಬಾ ಅನ್ನುವ ಮೊದಲ ರೆಸಾರ್ಟ್‌ನಲ್ಲಿ ಶುರುವಾದ ಪದ್ಧತಿ ಇವತ್ತಿಗೂ ಹೆಚ್ಚುಕಮ್ಮಿ ಹಾಗೇ ಇದೆ. ದ್ವೀಪ ಎಷ್ಟು ದೊಡ್ಡದು ಅಂದರೆ, ಮೆಲ್ಲಗೆ ನಡೆದರೂ ಅನೇಕ ಕಡೆ 20 ನಿಮಿಷಕ್ಕೆ ಒಂದು ಸುತ್ತು ಮುಗಿಯುತ್ತದೆ. ಹೊರಗೆ ಹೋಗಿ ಟೀ ಕುಡಿಯೋಣ ಅಂದರೆ ಹೊರಗೆ ಅನ್ನುವುದೇ ಇಲ್ಲ. ಅಂಗಡಿ ಇಲ್ಲ, ಆಟೋ ಇಲ್ಲ, ದೇವಸ್ಥಾನ ಇಲ್ಲ, ಪಕ್ಕದ ಹೋಟೆಲ್ ಇಲ್ಲ. ಬೆಲೆ ಜಾಸ್ತಿ ಇರುವುದಕ್ಕೂ ಅದೇ ಕಾರಣ, ಹೋದವರು ಖುಷಿಪಡುವುದಕ್ಕೂ ಅದೇ ಕಾರಣ. ನೀವು ಕೊಳ್ಳುವುದು ರೂಮನ್ನಲ್ಲ, ಯಾರೂ ಬಂದು ಕರೆಯದ ನಾಲ್ಕು ದಿನವನ್ನು.

ನಮ್ಮ ಕಥೆ ಹೇಳ್ತೀನಿ. ಛತ್ರ, ಬೀಗರೂಟ, ನೆಂಟರು ಅಂತ ಹದಿನೈದು ದಿನ ಓಡಾಡಿ ನಾನು ಸುಸ್ತಾಗಿ ಹೋಗಿದ್ದೆ. ಅಲ್ಲಿ ಮೊದಲ ದಿನವಿಡೀ ಮಲಗಿದೆ. ಎದ್ದಾಗ ನೆಲದ ಗಾಜಿನ ಕೆಳಗೆ ಮೊಳದುದ್ದದ ಒಂದು ಮರಿ ಶಾರ್ಕ್ ಕಂಬ ಸುತ್ತುತ್ತಿತ್ತು. ಹೊಟ್ಟೆಮೇಲೆ ಮಲಗಿ ಅದನ್ನೇ ಎಷ್ಟೋ ಹೊತ್ತು ನೋಡಿದೆ. ಅಷ್ಟರಲ್ಲಿ ನಮ್ಮ ಮನೆಯವರು ದ್ವೀಪವನ್ನು ಐದು ಸಲ ಸುತ್ತಿ ಬಂದು, "ಇನ್ನೇನಿದೆ ಇಲ್ಲಿ?" ಅಂತ ಕೇಳಿದರು. ಒಂದೇ ರೂಮು, ಒಂದೇ ಬಿಲ್ಲು. ನನ್ನ ಪಾಲಿನ ದುಡ್ಡು ವಸೂಲಾಯಿತು, ಅವರದ್ದು ಆಗಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನು ನಾನು ತಿರುಗಿಸಿ ಕೇಳುತ್ತೇನೆ. ಭಾನುವಾರ ಏನೂ ಕೆಲಸ ಇಲ್ಲದಿದ್ದರೆ ನೀವಿಬ್ಬರೂ ಏನು ಮಾಡುತ್ತೀರಿ? ಇಬ್ಬರೂ ಮನೆಯಲ್ಲೇ ಬಿದ್ದುಕೊಳ್ಳುವವರಾದರೆ ರೆಸಾರ್ಟ್‌ಗೆ ಹೋಗಿ, ದುಡ್ಡು ದಂಡ ಆಗುವುದಿಲ್ಲ. ಇಬ್ಬರೂ ಬೈಕ್ ಹತ್ತಿ ಹೊರಡುವವರಾದರೆ ಮನೆಯವರು ಹೇಳಿದ್ದೇ ಸರಿ. ಒಬ್ಬರು ಹಾಗೆ, ಒಬ್ಬರು ಹೀಗೆ ಇದ್ದರೆ ಒಂದು ಉಪಾಯ ಇದೆ.

2009ರಿಂದ ಜನ ವಾಸ ಮಾಡುವ ದ್ವೀಪಗಳಲ್ಲೂ ಗೆಸ್ಟ್‌ಹೌಸ್ ನಡೆಸಲು ಅಲ್ಲಿ ಅನುಮತಿ ಇದೆ. ಮಾಫುಷಿ ಅಂತಹ ಒಂದು ದ್ವೀಪ. ಮಾಲೆಯಿಂದ ಸ್ಪೀಡ್‌ಬೋಟ್‌ನಲ್ಲಿ ಮುಕ್ಕಾಲು ಗಂಟೆಯೊಳಗೆ ತಲುಪಬಹುದು. ಅಲ್ಲಿ ಅಂಗಡಿ ಇದೆ, ಮಸೀದಿ ಇದೆ, ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಬೆಳಗಿನ ತಿಂಡಿಗೆ ರೋಶಿ ಕೊಡುತ್ತಾರೆ, ನಮ್ಮ ಚಪಾತಿಯ ತಂಗಿ ಅನ್ನಿ. ಜೊತೆಗೆ ಟ್ಯೂನಾ ಮೀನು, ತೆಂಗಿನತುರಿ ಕಲಸಿದ ಮಾಸ್ ಹುನಿ. ರೂಮಿನ ಬಾಡಿಗೆ ರೆಸಾರ್ಟ್‌ಗಿಂತ ಎಷ್ಟೋ ಕಮ್ಮಿ. ಸಣ್ಣ ಗೆಸ್ಟ್‌ಹೌಸ್‌ಗಳಲ್ಲಿ ಗ್ರೀನ್ ಟ್ಯಾಕ್ಸ್ ಕೂಡ ಅರ್ಧ, 6 ಡಾಲರ್. ಇಂತಹ ದ್ವೀಪಗಳಲ್ಲಿ ಮದ್ಯ ಸಿಗುವುದಿಲ್ಲ. ಈಜುಡುಗೆಗೆ ಬೇರೆ ಬೀಚ್ ಗೊತ್ತುಮಾಡಿರುತ್ತಾರೆ. ಮೊದಲ ಎರಡು ರಾತ್ರಿ ಇಲ್ಲಿದ್ದು ಓಡಾಡುವವರು ಓಡಾಡಲಿ. ಕೊನೆಯ ಎರಡು ರಾತ್ರಿ ರೆಸಾರ್ಟ್‌ಗೆ ಹೋಗಿ. ಈ ಕ್ರಮವನ್ನು ಹಿಂದುಮುಂದು ಮಾಡಬೇಡಿ. ರೆಸಾರ್ಟ್ ನೋಡಿದ ಮೇಲೆ ಗೆಸ್ಟ್‌ಹೌಸ್ ಸಪ್ಪೆ ಅನ್ನಿಸುತ್ತದೆ. ಸ್ಪೀಡ್‌ಬೋಟ್ ಹೋಗುವಷ್ಟು ಹತ್ತಿರದ ರೆಸಾರ್ಟ್ ಹಿಡಿದರೆ ಸೀಪ್ಲೇನ್ ಖರ್ಚೂ ಉಳಿಯಿತು.

ಆದರೆ ಎರಡು ರಾತ್ರಿ ಅಂದರೆ ಎರಡು ದಿನ ಅಲ್ಲ. ರೂಮ್ ಕೊಡುವುದು ಸಾಮಾನ್ಯವಾಗಿ ಮಧ್ಯಾಹ್ನ 2ಕ್ಕೆ, ಬಿಡಬೇಕಾಗಿದ್ದು 12ಕ್ಕೆ. ಬೆಳಗ್ಗೆ ಬೇಗ ತಲುಪಿ, ಹೊರಡುವ ದಿನ ತಡವಾದ ವಿಮಾನ ಹಿಡಿಯಿರಿ. ಸೀಪ್ಲೇನ್ ಆದರೆ ಇನ್ನೊಂದು ತಾಪತ್ರಯ. ಅದು ಹಾರುವುದು ಹಗಲಿನಲ್ಲಿ ಮಾತ್ರ. ಮಧ್ಯಾಹ್ನ ಮೂರೂವರೆಯ ನಂತರ ಮಾಲೆಯಲ್ಲಿ ಇಳಿದರೆ ಆ ರಾತ್ರಿ ಅಲ್ಲೇ ಕಳೆಯಬೇಕಾಗಬಹುದು, ರೆಸಾರ್ಟ್‌ನ ಬಾಡಿಗೆ ಮಾತ್ರ ಓಡುತ್ತಿರುತ್ತದೆ.

ಮಳೆಯ ವಿಷಯಕ್ಕೆ ಬರೋಣ. ಮೇನಿಂದ ಅಕ್ಟೋಬರ್‌ವರೆಗೆ ಅಲ್ಲಿ ನೈರುತ್ಯ ಮಾರುತದ ಕಾಲ. ನಮ್ಮ ಕಡೆ ಮದುವೆ ಮುಗಿಸಿ, ಆಷಾಢ ಬರುವುದರೊಳಗೆ ಹೋಗಿಬರೋಣ ಅಂತ ಹೊರಟವರು ಸರಿಯಾಗಿ ಇದಕ್ಕೇ ಸಿಕ್ಕಿಬೀಳುತ್ತಾರೆ. ಬಾಡಿಗೆ ಇಳಿದಿರುವುದೂ ಅದಕ್ಕೇ. ಇಡೀ ದಿನ ಸುರಿಯುತ್ತದೆ ಅಂತಲ್ಲ, ಎಷ್ಟೋ ಸಲ ಒಂದು ಗಂಟೆ ಹೊಡೆದು ಬಿಸಿಲು ಬರುತ್ತದೆ. ಸಮುದ್ರ ಮಾತ್ರ ಒರಟಾಗಿರುತ್ತದೆ, ಸ್ಪೀಡ್‌ಬೋಟ್‌ನಲ್ಲಿ ಬೆನ್ನು ಮುರಿಯುತ್ತದೆ. ಫೋಟೋದ ನೀಲಿ ನೀರು ಬೇಕೇ ಬೇಕು ಅನ್ನುವವರು ಜನವರಿಯಿಂದ ಏಪ್ರಿಲ್ ನಡುವೆ ಹೋಗಬೇಕು. ಹಾಗಂತ ಮಳೆಗಾಲಕ್ಕೂ ಅದರದ್ದೇ ಲಾಭ ಇದೆ. ಬಾ ಹವಳದ್ವೀಪದ ಹನಿಫಾರು ಕೊಲ್ಲಿಗೆ ಮಾಂಟಾ ತೊರಕೆ ಮೀನುಗಳು ಗುಂಪುಗುಂಪಾಗಿ ಬರುವುದು ಆಗಲೇ. ಅಲ್ಲಿ ಸ್ಕೂಬಾ ಮಾಡುವಂತಿಲ್ಲ. ಮುಖವಾಡ, ಉಸಿರಾಟದ ಕೊಳವೆ ಹಾಕಿಕೊಂಡು ಮೇಲೆ ತೇಲುತ್ತಾ ನೋಡಬೇಕು.

ಈಜು ಬರುತ್ತಾ? ನಮ್ಮಲ್ಲಿ ಬಹಳ ಜನರಿಗೆ ಬರುವುದಿಲ್ಲ, ನನಗೂ ಬರುವುದಿಲ್ಲ. ಕೆಲವು ವಿಲ್ಲಾಗಳ ಏಣಿ ಇಳಿದರೆ ಸೊಂಟದ ಮಟ್ಟ ನೀರು, ಕೆಲವು ಕಡೆ ಸೀದಾ ಆಳ. ಬುಕ್ ಮಾಡುವ ಮುಂಚೆ ಇದನ್ನು ಕೇಳಿ. ಗಾಳಿ ಜಾಸ್ತಿ ಇದ್ದ ರಾತ್ರಿ ನೆಲದ ಕೆಳಗೆ ನೀರು ಬಡಿಯುವ ಸದ್ದಿಗೆ ನಿದ್ದೆ ಬರದವರೂ ಇದ್ದಾರೆ. ನನ್ನನ್ನು ಕೇಳಿದರೆ ನಾಲ್ಕೂ ರಾತ್ರಿ ನೀರಿನ ಮೇಲೆ ಬೇಡ. ದಡದ ವಿಲ್ಲಾ ಅಗ್ಗ, ಬಾಗಿಲು ತೆರೆದರೆ ಮರಳು. ಕೊನೆಯ ಒಂದು ರಾತ್ರಿ ನೀರಿನ ಮೇಲಿನದಕ್ಕೆ ಹೋದರೆ ಸಾಕು.

ಹನಿಮೂನ್ ಆಫರ್ ಅಂತ ಕೇಕು, ಬೀಚ್ ಊಟ ಕೊಡುತ್ತಾರಲ್ಲ, ಅದಕ್ಕೆ ಅನೇಕ ರೆಸಾರ್ಟ್‌ಗಳು ಮದುವೆ ಸರ್ಟಿಫಿಕೇಟ್ ಕೇಳುತ್ತವೆ. ನಾವು ನೋಂದಣಿ ಮಾಡಿಸಿರಲಿಲ್ಲ. ಫೋನಿನಲ್ಲಿದ್ದ ಲಗ್ನಪತ್ರಿಕೆ ತೋರಿಸಿದೆವು. ಆ ಹುಡುಗ ಫೋನನ್ನು ಅಡ್ಡ ಹಿಡಿದು, ಉದ್ದ ಹಿಡಿದು ನೋಡಿದ. ಕನ್ನಡ ಓದಲು ಬರದೆ ಗಣಪತಿಯ ಚಿತ್ರದ ಮೇಲೆ ಬೆರಳಿಟ್ಟು, "ಇವರೇ ವರನಾ?" ಅಂತ ಕೇಳಿದ. ನಮಗೆ ನಗು ಬಂತು, ಕೇಕ್ ಬರಲಿಲ್ಲ.

ಇಷ್ಟೆಲ್ಲ ಬೇಡ, ಸುಮ್ನೆ ಸಮುದ್ರ ಸಾಕು ಅನ್ನಿಸಿದರೆ ಗೋಕರ್ಣ ಇದೆ. ಓಂ ಬೀಚ್‌ನಿಂದ ಹಾಫ್ ಮೂನ್, ಅಲ್ಲಿಂದ ಪ್ಯಾರಡೈಸ್ ಬೀಚ್‌ಗೆ ಗುಡ್ಡದ ದಾರಿಯಲ್ಲಿ ನಡೆದೇ ಹೋಗಬಹುದು. ಆದರೆ ಅಲ್ಲಿಗೂ ಜೂನ್ ಒಳಗೇ ಹೋಗಬೇಕು. ಮಳೆ ಹಿಡಿದರೆ ನಮ್ಮ ಕರಾವಳಿಯಲ್ಲಿ ನೀರಿಗಿಳಿಯುವ ಮಾತೇ ಇಲ್ಲ.

ಮಾಲ್ಡೀವ್ಸ್ ಅಂತಲೇ ತೀರ್ಮಾನಿಸಿದರೆ ಪಾಸ್‌ಪೋರ್ಟ್ ನೋಡಿಕೊಳ್ಳಿ. ಭಾರತೀಯರಿಗೆ ವೀಸಾ ಅಲ್ಲಿ ಇಳಿದಾಗ ಉಚಿತವಾಗಿ ಸಿಗುತ್ತದೆ. ಐಮುಗಾ ಅನ್ನುವ, ಪ್ರಯಾಣಿಕರ ವಿವರದ ಆನ್‌ಲೈನ್ ಅರ್ಜಿಯನ್ನು ಪ್ರಯಾಣಕ್ಕೆ 96 ಗಂಟೆ ಮುಂಚಿನಿಂದ ತುಂಬಬಹುದು, ಅದಕ್ಕೂ ದುಡ್ಡಿಲ್ಲ. ದುಡ್ಡು ಕೇಳುವ ಸೈಟ್ ಬಂದರೆ ಮುಚ್ಚಿಬಿಡಿ. ಹುಡುಗಿಯ ಟಿಕೆಟ್ ಅವರ ಪಾಸ್‌ಪೋರ್ಟ್‌ನಲ್ಲಿ ಇರುವ ಹೆಸರಿಗೇ ಇರಲಿ. ಗಂಡನ ಹೆಸರು ಸೇರಿಸುವ ಖುಷಿಯನ್ನು ವಾಪಸ್ ಬಂದ ಮೇಲೆ ಇಟ್ಟುಕೊಳ್ಳಿ.